ಹವಳದ ತೊಟ್ಟಿಗೆ ಎಂಥ ನೀರು?



ಮನೆಯಲ್ಲಿ ಹವಳದ ತೊಟ್ಟಿ, ಅಂದರೆ ರೀಫ್ ಅಕ್ವೇರಿಯಂ ಇಡಬಯಸುವವರು ನೀರನ್ನು ಶುದ್ಧಗೊಳಿಸಲು ಯಾವ ಸಾಧನವನ್ನು ಆರಿಸಿಕೊಳ್ಳಬೇಕು ಎಂಬುದು ಇಂದಿನ ವಿಷಯ. ಇದನ್ನು ಕೇಳಿದೊಡನೆ ನಿಮ್ಮಲ್ಲಿ ಕೆಲವರಿಗೆ ಒಂದು ಸಂದೇಹ ಬಂದಿರಬೇಕು. ಹವಳವು ಸಮುದ್ರದ ಪ್ರಾಣಿ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದರ ಮುಂದೆ ನಮ್ಮ ನಲ್ಲಿ ನೀರಿನ ಲವಣ ಏನೇನೂ ಅಲ್ಲ; ಹಲವು ಕಡೆ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಹೇಗಿದ್ದರೂ ಉಪ್ಪು ಬೆರೆಸಿ ತೊಟ್ಟಿಗೆ ಸುರಿಯುವ ನೀರಿನಿಂದ ಆ ಅರ್ಧ ಗ್ರಾಮನ್ನು ಮೊದಲು ಕಷ್ಟಪಟ್ಟು ತೆಗೆದುಹಾಕುವುದೇಕೆ?

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಗಾಜಿನ ತಟ್ಟೆಯ ಮೇಲೆ ನಿಮ್ಮ ಮನೆಯ ನಲ್ಲಿ ನೀರನ್ನು ಒಂದು ಚಮಚದಷ್ಟು ಹಾಕಿ ಬಿಸಿಲಿಗೆ ಇಡಿ. ನೀರು ಆರಿದ ಮೇಲೆ ತಟ್ಟೆಯಲ್ಲಿ ಬಿಳಿಯ ಕಲೆ ಉಳಿಯುತ್ತದೆ. ನೀರು ಆವಿಯಾಗಿ ಹೋಯಿತು, ಅದರಲ್ಲಿ ಕರಗಿದ್ದ ವಸ್ತುಗಳು ಹೋಗಲಿಲ್ಲ. ಅದೇ ತಟ್ಟೆಗೆ ಇನ್ನೊಂದು ಚಮಚ, ಮತ್ತೊಂದು ಚಮಚ ಎಂದು ದಿನವೂ ಹಾಕುತ್ತಾ ಹೋದರೆ ಕಲೆ ದಪ್ಪವಾಗುತ್ತದೆ. ಹವಳದ ತೊಟ್ಟಿಯಲ್ಲಿ ವರ್ಷವಿಡೀ ನಡೆಯುವುದೂ ಇದೇ.

ಈಗ ಲೆಕ್ಕ ಹಾಕೋಣ. 200 ಲೀಟರಿನ ತೊಟ್ಟಿಯೊಂದಿದೆ ಎಂದಿಟ್ಟುಕೊಳ್ಳಿ. ಮೇಲೆ ಪ್ರಖರವಾದ ದೀಪ, ಒಳಗೆ ನೀರನ್ನು ಸದಾ ಕಲಕುವ ಪಂಪು. ದಿನಕ್ಕೆ 3 ಲೀಟರ್ ನೀರು ಆವಿಯಾಗುವುದು ದೊಡ್ಡ ಮಾತಲ್ಲ. ಅಷ್ಟನ್ನೂ ಸಿಹಿನೀರಿನಿಂದಲೇ ತುಂಬಬೇಕು. ಉಪ್ಪು ಆವಿಯಾಗಿ ಹೋಗಿಲ್ಲವಾದ್ದರಿಂದ ಇಲ್ಲಿ ಉಪ್ಪುನೀರು ಸುರಿಯುವಂತಿಲ್ಲ. ವರ್ಷಕ್ಕೆ ಸುಮಾರು 1,100 ಲೀಟರ್ ಆಯಿತು. ತೊಟ್ಟಿಯಲ್ಲಿ ಹಿಡಿಸುವ ನೀರಿನ ಐದೂವರೆ ಪಟ್ಟು! ನಿಮ್ಮ ನಲ್ಲಿ ನೀರಿನಲ್ಲಿ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಇದ್ದರೆ, ಆ 1,100 ಲೀಟರಿನ ಜೊತೆಗೆ 22 ಗ್ರಾಂ ನೈಟ್ರೇಟ್ ತೊಟ್ಟಿಗೆ ಸೇರಿತು. 200 ಲೀಟರಿಗೆ ಹಂಚಿದರೆ ಲೀಟರಿಗೆ 110 ಮಿಲಿಗ್ರಾಂ. ಹವಳ ಸಾಕುವವರು ಸಾಮಾನ್ಯವಾಗಿ ಇದನ್ನು 10ರೊಳಗೆ ಇಡಲು ಹೆಣಗುತ್ತಾರೆ. ವಾರಕ್ಕೊಮ್ಮೆ ಸ್ವಲ್ಪ ನೀರನ್ನು ಬದಲಿಸುತ್ತೇವಲ್ಲ ಎನ್ನಬಹುದು. ಆದರೆ ಬದಲಿಗೆ ಬರುವುದೂ ಅದೇ ನಲ್ಲಿಯ ನೀರು ತಾನೆ? ಕಲ್ಲುಗಳ ಒಳಗೆ ನೆಲೆಸುವ ಬ್ಯಾಕ್ಟೀರಿಯಗಳು ಒಂದಿಷ್ಟು ನೈಟ್ರೇಟನ್ನು ಒಡೆದುಹಾಕುತ್ತವೆ, ಪಾಚಿ ಒಂದಿಷ್ಟನ್ನು ಹೀರುತ್ತದೆ. ಆದ್ದರಿಂದ ಕಾಗದದ ಮೇಲಿನ ಲೆಕ್ಕದಷ್ಟು ಭೀಕರವಾಗಿ ಸಂಗತಿ ನಡೆಯದಿರಬಹುದು. ಹೋಗುವ ದಿಕ್ಕು ಮಾತ್ರ ಅದೇ.

ಹವಳಕ್ಕೆ ಇದರಿಂದ ತೊಂದರೆ ಏಕೆ? ಹವಳದ ದಿಬ್ಬಗಳು ಬೆಳೆಯುವ ಸಮುದ್ರ ತಿಳಿನೀಲಿ ಬಣ್ಣದ್ದು. ಲಕ್ಷದ್ವೀಪದ ಚಿತ್ರಗಳನ್ನು ನೀವು ನೋಡಿರುತ್ತೀರಿ. ನೀರು ಅಷ್ಟು ತಿಳಿಯಾಗಿರುವುದಕ್ಕೆ ಕಾರಣ ಅದರಲ್ಲಿ ಪೋಷಕಾಂಶಗಳು ತೀರ ಕಡಿಮೆ ಇರುವುದು. ನೈಟ್ರೇಟ್, ಫಾಸ್ಫೇಟುಗಳ ಮಟ್ಟಿಗೆ ಅದು ಬಡ ಸಮುದ್ರ. ಆ ಬಡತನದಲ್ಲೇ ಬದುಕುವ ವಿದ್ಯೆಯನ್ನು ಹವಳ ಕಲಿತಿದೆ. ಅದರ ಮೈಯ ಜೀವಕೋಶಗಳೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿದ್ದು, ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಹವಳದ ತ್ಯಾಜ್ಯವೇ ಅವುಗಳಿಗೆ ಗೊಬ್ಬರ. ಇಂಥ ಮನೆಗೆ ನಾವು ನೈಟ್ರೇಟ್, ಫಾಸ್ಫೇಟ್ ತಂದು ಸುರಿದರೆ ಹೊರಗಿನ ಪಾಚಿಗೆ ಹಬ್ಬ. ಅದು ಹವಳದ ಮೇಲೆ ಹರಡಿ ಬೆಳಕನ್ನು ತಡೆಯುತ್ತದೆ. ಫಾಸ್ಫೇಟ್ ಹೆಚ್ಚಾದರೆ ಹವಳವು ತನ್ನ ಸುಣ್ಣದ ಅಸ್ಥಿಯನ್ನು ಕಟ್ಟುವ ಕೆಲಸಕ್ಕೂ ಅಡ್ಡಿಯಾಗುತ್ತದೆ.

ಸಾಧನದ ವಿಚಾರಕ್ಕೆ ಹೋಗುವ ಮೊದಲು ಕಾನೂನಿನ ಮಾತೊಂದನ್ನು ಹೇಳಿಬಿಡುತ್ತೇನೆ. ಕಲ್ಲಿನಂತೆ ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ ಮತ್ತು ಬೀಸಣಿಗೆಯಾಕಾರದ ಹವಳಗಳನ್ನು 2001ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ, ಆನೆಗಳಿರುವುದೂ ಅದೇ ಅನುಸೂಚಿಯಲ್ಲಿ. ಆದ್ದರಿಂದ ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಮನ್ನಾರ್ ಕೊಲ್ಲಿಯಲ್ಲೋ ಹವಳದ ಒಂದು ತುಂಡನ್ನೂ ಕಿತ್ತು ತರುವಂತಿಲ್ಲ. ಅಂಗಡಿಯಲ್ಲಿ ಮೃದು ಹವಳ ಎಂದು ಮಾರುವುದನ್ನು ಕೊಳ್ಳುವ ಮೊದಲು ಅದರ ಜಾತಿ ಯಾವುದು, ಬಂದದ್ದೆಲ್ಲಿಂದ, ಕಾಗದಪತ್ರಗಳಿವೆಯೇ ಎಂದು ಕೇಳಿ. ಸಂದೇಹವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ಹವಳವಿಲ್ಲದೆ ಮೀನು, ಸೀಗಡಿ, ಶಂಖದ ಹುಳುಗಳಿರುವ ಉಪ್ಪುನೀರಿನ ತೊಟ್ಟಿಗೂ ಮುಂದೆ ಹೇಳುವುದೆಲ್ಲ ಅನ್ವಯಿಸುತ್ತದೆ.

ಇನ್ನು ಬಹುಜನ ಕೇಳುವ ಪ್ರಶ್ನೆ. ನಾವೇ ಕುಡಿಯುವ ನೀರು ಒಂದು ಸಣ್ಣ ಪ್ರಾಣಿಗೆ ಸಾಲದೇ? ಸಾಲದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಗೊತ್ತುಮಾಡಿರುವ ಮಿತಿಗಳು ಮನುಷ್ಯನ ಆರೋಗ್ಯವನ್ನು ನೋಡಿ ಮಾಡಿದವು. ಅದರಂತೆ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ತಾಮ್ರ 0.05 ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 1.5ರವರೆಗೂ ನಡೆಯುತ್ತದೆ. ಈಗ ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡಿ. ಸಮುದ್ರ ಮೀನುಗಳ ಮೈಗೆ ಅಂಟುವ ಪರೋಪಜೀವಿಗಳನ್ನು ಕೊಲ್ಲಲು ತಾಮ್ರದ ಸಲ್ಫೇಟನ್ನು ಔಷಧಿಯಾಗಿ ಬಳಸುವಾಗ ನೀರಿನಲ್ಲಿ ಇರಿಸುವ ತಾಮ್ರದ ಪ್ರಮಾಣ ಲೀಟರಿಗೆ ಸುಮಾರು 0.15ರಿಂದ 0.20 ಮಿಲಿಗ್ರಾಂ. ಅಷ್ಟರಲ್ಲಿ ಮೀನು ಬದುಕುತ್ತದೆ. ಸೀಗಡಿ, ಹವಳಗಳಂಥ ಅಕಶೇರುಕಗಳು ಸಾಯುತ್ತವೆ. ಹಾಗಾಗಿಯೇ ಆ ಚಿಕಿತ್ಸೆಯನ್ನು ಬೇರೆ ತೊಟ್ಟಿಯಲ್ಲಿ ಮಾಡುತ್ತಾರೆ. ನಮ್ಮ ನೀರಿನಲ್ಲಿ ತಾಮ್ರ 0.05 ಮಾತ್ರ ಇದ್ದರೂ 1,100 ಲೀಟರಿಗೆ 55 ಮಿಲಿಗ್ರಾಂ, ತೊಟ್ಟಿಯಲ್ಲಿ ಲೀಟರಿಗೆ 0.27. ಇದರಲ್ಲಿ ಒಂದು ಪಾಲು ಕಲ್ಲು ಮರಳುಗಳಿಗೆ ಅಂಟಿಕೊಂಡೀತು, ಆದರೂ ಅದು ತೊಟ್ಟಿಯ ಒಳಗೇ ಇರುತ್ತದೆ. ಅಜ್ಜಿ ತಾಮ್ರದ ಬಿಂದಿಗೆಯಲ್ಲಿ ನೀರು ತುಂಬಿಡುತ್ತಿದ್ದುದು ಒಳ್ಳೆಯ ಪದ್ಧತಿಯೇ. ತಾಮ್ರ ಅಲ್ಲಿ ರೋಗಾಣುಗಳನ್ನು ಕೊಲ್ಲುತ್ತದೆ. ಹವಳದ ಗ್ರಹಚಾರವೆಂದರೆ ತಾಮ್ರದ ಮುಂದೆ ಅದೂ ಅಷ್ಟೇ ದುರ್ಬಲ.

ನೀರನ್ನು ಶುದ್ಧ ಮಾಡುವ ವಿಧಾನಗಳು ಅನೇಕ. ಕೆಲವನ್ನು ಬೇಗ ಬದಿಗೆ ಸರಿಸಬಹುದು. ಕುದಿಸುವುದರಿಂದ ರೋಗಾಣು ಸಾಯುತ್ತದೆ. ಕರಗಿದ ನೈಟ್ರೇಟ್, ತಾಮ್ರಗಳು ಹೋಗುವುದಿಲ್ಲ, ಸ್ವಲ್ಪ ನೀರು ಆವಿಯಾಗಿ ಅವು ಇನ್ನಷ್ಟು ಸಾಂದ್ರವಾಗುತ್ತವೆ. ನೇರಳಾತೀತ ದೀಪದ್ದೂ ಅದೇ ಕಥೆ. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟು ಸೋಡಿಯಂ ಬಿಡುತ್ತದೆ. ಕರಗಿದ ವಸ್ತುವಿನ ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಟ್ಟಿ ಇಳಿಸಿದ ನೀರು ನಿಜಕ್ಕೂ ಶುದ್ಧ, ಆದರೆ ಒಂದು ಲೀಟರ್ ನೀರನ್ನು ಬಿಸಿಮಾಡಿ ಪೂರ್ತಿ ಆವಿಯಾಗಿಸಲು ಮುಕ್ಕಾಲು ಯೂನಿಟ್ಟಿನ ಹತ್ತಿರ ವಿದ್ಯುತ್ತು ಬೇಕು. ಭೌತಶಾಸ್ತ್ರದ ವಿದ್ಯಾರ್ಥಿಗಳು ಗುಪ್ತೋಷ್ಣದ ಸೂತ್ರ ಹಾಕಿ ಇದನ್ನು ಪರೀಕ್ಷಿಸಬಹುದು. ವಾರಕ್ಕೆ 40 ಲೀಟರಿಗೆ ಸುಮಾರು 30 ಯೂನಿಟ್. ಬಿಲ್ಲು ಕಟ್ಟುವವರು ಒಪ್ಪುವ ಹಾಗಿಲ್ಲ!

ಉಳಿಯುವುದು ಹಿಮ್ಮುಖ ಅಭಿಸರಣೆ. ರಿವರ್ಸ್ ಆಸ್ಮಾಸಿಸ್ ಎಂಬ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಎಲ್ಲರೂ ಆರ್‌ಓ ಎನ್ನುತ್ತಾರೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿದರೆ ಉಬ್ಬುತ್ತದೆ. ಸಿಪ್ಪೆಯ ಮೂಲಕ ನೀರು ತಿಳಿ ಕಡೆಯಿಂದ ಸಾಂದ್ರವಾದ ಕಡೆಗೆ ನುಗ್ಗುತ್ತದೆ. ಇದು ಅಭಿಸರಣೆ. ಸಾಂದ್ರವಾದ ಕಡೆ ಸಾಕಷ್ಟು ಒತ್ತಡ ಹೇರಿದರೆ ನೀರು ಹಿಂದಕ್ಕೆ, ತಿಳಿ ಕಡೆಗೆ ಹರಿಯುತ್ತದೆ, ಲವಣ ಪೊರೆಯ ಈಚೆಗೇ ಉಳಿಯುತ್ತದೆ. ತತ್ತ್ವ ಹಳೆಯದು, ಕೆಲಸಕ್ಕೆ ಬರುವಷ್ಟು ವೇಗವಾಗಿ ನೀರನ್ನು ಬಿಡುವ ಪೊರೆ ಮಾತ್ರ ಬಹುಕಾಲ ಸಿಕ್ಕಿರಲಿಲ್ಲ. 1960ರ ಸುಮಾರಿಗೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅಂಥ ಪೊರೆಯನ್ನು ಸೆಲ್ಯುಲೋಸ್ ಅಸಿಟೇಟಿನಿಂದ ತಯಾರಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯದ ಕೊಲಿಂಗ ಎಂಬ ಊರಿನಲ್ಲಿ ಇದೇ ವಿಧಾನದಿಂದ ಜನರಿಗೆ ಕುಡಿಯುವ ನೀರು ಕೊಡುವ ಸ್ಥಾವರ ಆರಂಭವಾಯಿತು. ಇಂದು ಮನೆಗಳಲ್ಲಿರುವುದು ಹೆಚ್ಚಾಗಿ ಪಾಲಿಅಮೈಡಿನ ತೆಳು ಪೊರೆ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಶೇಕಡಾ 95ರಿಂದ 98ರಷ್ಟು ಲವಣವನ್ನು ತಡೆಯುತ್ತದೆ. ಕ್ಲೋರಿನ್ ಅದಕ್ಕೆ ಪರಮ ಶತ್ರು. ಹಾಗಾಗಿ ಪೊರೆಯ ಮುಂದೆ ಎರಡು ಸೋಸುಕಗಳು ಇರಲೇಬೇಕು: ಮಣ್ಣು, ತುಕ್ಕನ್ನು ಹಿಡಿಯುವುದೊಂದು, ಕ್ಲೋರಿನ್ನನ್ನು ತೆಗೆಯುವ ಪಟುಗೊಳಿಸಿದ ಇದ್ದಿಲಿನದು ಇನ್ನೊಂದು. ಅಮೆರಿಕದ ಅನೇಕ ನಗರಗಳಲ್ಲಿ ಕ್ಲೋರಿನ್ನಿನ ಬದಲು ಕ್ಲೋರಮೀನ್ ಬೆರೆಸುತ್ತಾರೆ. ಅಲ್ಲಿರುವ ನಿಮ್ಮ ಬಂಧುಗಳು ತೊಟ್ಟಿ ಇಡುವುದಾದರೆ ಇದ್ದಿಲಿನ ಹಂತವನ್ನು ದೊಡ್ಡದಾಗಿಸಬೇಕು.

ಒತ್ತಡದ ಮಾತು ಬಂತಲ್ಲ, ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲಿಯೇ. ಹೊರದೇಶದ ಕೈಪಿಡಿಗಳು ಕೊಳಾಯಿಯಲ್ಲೇ ಪ್ರತಿ ಚದರ ಸೆಂಟಿಮೀಟರಿಗೆ ಮೂರೂವರೆ, ನಾಲ್ಕು ಕಿಲೋಗ್ರಾಂ ಒತ್ತಡ ಇದೆ ಎಂದು ಭಾವಿಸಿ ಬರೆದಂಥವು. ನಮ್ಮಲ್ಲಿ ನೀರು ಬರುವುದು ತಾರಸಿಯ ಮೇಲಿನ ಟ್ಯಾಂಕಿನಿಂದ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಕಿಲೋಗ್ರಾಂ ಒತ್ತಡ. ಟ್ಯಾಂಕು ನಾಲ್ಕು ಮೀಟರ್ ಮೇಲಿದ್ದರೆ 0.4 ಮಾತ್ರ. ಲೀಟರಿಗೆ 500 ಮಿಲಿಗ್ರಾಂ ಲವಣವಿರುವ ನೀರಿನ ಅಭಿಸರಣ ಒತ್ತಡವೇ ಸುಮಾರು 0.35. ಒಂದಕ್ಕೊಂದು ಸರಿಹೋಯಿತು, ನೀರು ಹನಿ ಹನಿಯಾಗಿ ಬಿದ್ದೀತು ಅಷ್ಟೆ. ಆದ್ದರಿಂದ ಒತ್ತಡ ಹೆಚ್ಚಿಸುವ ಪಂಪು ಇಲ್ಲದ ಯಂತ್ರವನ್ನು ಅಗ್ಗವೆಂದು ಕೊಳ್ಳಬೇಡಿ.

ಆರ್‌ಓ ಆದ ಮೇಲೂ ಕೆಲಸ ಮುಗಿಯಲಿಲ್ಲ. ಒಳಬರುವ ನೀರಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ಇದ್ದು, ಪೊರೆ ಶೇಕಡಾ 97ರಷ್ಟು ತಡೆದರೆ 9 ಮಿಲಿಗ್ರಾಂ ದಾಟಿ ಬರುತ್ತದೆ. ಅದನ್ನು ಹಿಡಿಯುವುದು ಅಯಾನು ವಿನಿಮಯ ರಾಳ. ಎರಡು ಬಗೆಯ ಸಣ್ಣ ಮಣಿಗಳನ್ನು ಬೆರೆಸಿ ಕೊಳವೆಯೊಂದರಲ್ಲಿ ತುಂಬಿರುತ್ತಾರೆ. ಒಂದು ಬಗೆಯದು ಧನ ಅಯಾನುಗಳನ್ನು ಹಿಡಿದು ಹೈಡ್ರೊಜನ್ ಅಯಾನನ್ನು ಬಿಡುತ್ತದೆ, ಇನ್ನೊಂದು ಋಣ ಅಯಾನುಗಳನ್ನು ಹಿಡಿದು ಹೈಡ್ರಾಕ್ಸಿಲ್ ಬಿಡುತ್ತದೆ. ಬಿಟ್ಟ ಎರಡೂ ಸೇರಿ ನೀರೇ ಆಗುತ್ತದೆ. ಎಷ್ಟು ಸೊಗಸಾದ ಏರ್ಪಾಡು! ರಾಳದ ಸಾಮರ್ಥ್ಯ ಮಾತ್ರ ಸೀಮಿತ. ಪೊರೆಯಿಲ್ಲದೆ ರಾಳವೊಂದನ್ನೇ ಬಳಸಿದರೆ ಬೇಗನೆ ಬರಿದಾಗುತ್ತದೆ. ಪೊರೆ ಮುಂದಿದ್ದರೆ ಅದೇ ರಾಳ ಹತ್ತಾರು ಪಟ್ಟು ನೀರಿಗೆ ಸಾಕು.

ಹೀಗೆ ನಾಲ್ಕು ಹಂತ. ಆದರೆ ಯಾವ ಹಂತ ಎಷ್ಟು ದೊಡ್ಡದಿರಬೇಕು ಎಂಬುದನ್ನು ನಿರ್ಧರಿಸುವುದು ನಿಮ್ಮ ಮನೆಯ ನೀರು, ಅಂಗಡಿಯವನಲ್ಲ. ಕರಗಿದ ವಸ್ತುಗಳ ಮೊತ್ತವನ್ನು ತೋರಿಸುವ ಟಿಡಿಎಸ್ ಮೀಟರನ್ನು ಯಂತ್ರಕ್ಕಿಂತ ಮೊದಲು ಕೊಳ್ಳಿ. ಬೆಂಗಳೂರಿನ ಸ್ಥಿತಿಯನ್ನೇ ತೆಗೆದುಕೊಳ್ಳಿ. ನೂರು ಕಿಲೋಮೀಟರಿನಷ್ಟು ದೂರದ ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರು ನದಿಯದು. ಅದರಲ್ಲಿ ಲವಣ ಕಡಿಮೆ, ಕ್ಲೋರಿನ್ ಬೆರೆತಿರುತ್ತದೆ. ಅದಕ್ಕೆ ಸಾಮಾನ್ಯವಾದ ನಾಲ್ಕು ಹಂತಗಳು ಸಾಕು. ಅದೇ ಬೀದಿಯ ಕೊಳವೆ ಬಾವಿಯ ನೀರು ಬೇರೆಯೇ ಜಾತಿ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಗಡಸಾಗಿರುತ್ತದೆ, ಸಿಲಿಕ ಕರಗಿರುತ್ತದೆ. ಜನವಸತಿ ದಟ್ಟವಾಗಿರುವ ಕಡೆ ನೈಟ್ರೇಟೂ ಸೇರುತ್ತದೆ. ಮೀಟರು 1,200 ತೋರಿಸಿತು ಎನ್ನಿ. ಶೇಕಡಾ 95 ತಡೆದರೂ 60 ದಾಟಿ ಬರುತ್ತದೆ, ರಾಳ ಆರೇಳು ಪಟ್ಟು ಬೇಗ ಮುಗಿಯುತ್ತದೆ. ಸುಣ್ಣ ಕಟ್ಟಿ ಪೊರೆಯೂ ಕೆಡುತ್ತದೆ. ಇಲ್ಲಿ ಪೊರೆಯ ಮುಂದೆ ಸಾಫ್ಟನರ್, ಹಿಂದೆ ಒಂದರ ನಂತರ ಒಂದು ಎರಡು ರಾಳದ ಕೊಳವೆ ಇರುವುದು ಒಳ್ಳೆಯದು. ಮೊದಲು ಬದಿಗೆ ಸರಿಸಿದ ಸಾಫ್ಟನರ್ ಈ ಜಾಗದಲ್ಲಿ ಪೊರೆಯನ್ನು ಕಾಪಾಡುತ್ತದೆ. ಟ್ಯಾಂಕರಿನವರ ನೀರಾದರೆ ಇಂದಿನದು ನಾಳೆ ಇರದು; ಪ್ರತಿ ಸಲವೂ ಮೀಟರು ಅದ್ದಿ ನೋಡಬೇಕು. ಪದವಿ ತರಗತಿಗಳ ವಿದ್ಯಾರ್ಥಿಗಳು ಇಡಿಟಿಎ ಅನುಮಾಪನದಿಂದ ಗಡಸುತನವನ್ನೂ ಕಂಡುಹಿಡಿಯಬಹುದು. ಪ್ರಯೋಗಾಲಯದಲ್ಲಿ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಯಾವುದು?

ನಮ್ಮ ಮನೆಯಲ್ಲಿ ಕುಡಿಯುವ ನೀರಿನ ಆರ್‌ಓ ಈಗಾಗಲೇ ಇದೆಯಲ್ಲ, ಅದೇ ಆಗದೇ ಎಂದು ಕೇಳುವಿರಿ. ನನ್ನ ಅಭಿಪ್ರಾಯದಲ್ಲಿ ಬಹುಪಾಲು ಮನೆಗಳಲ್ಲಿ ಹೊಸ ಯಂತ್ರ ಬೇಕಿಲ್ಲ. ಆದರೆ ನಲ್ಲಿಯಿಂದ ಬರುವ ನೀರನ್ನು ಹಾಗೆಯೇ ಹಿಡಿಯಬೇಡಿ. ಕುಡಿಯಲು ರುಚಿ ಬರಲೆಂದು ಅನೇಕ ಯಂತ್ರಗಳಲ್ಲಿ ಟಿಡಿಎಸ್ ನಿಯಂತ್ರಕ ಎಂಬ ತಿರುಪು ಇರುತ್ತದೆ. ಅದು ಮಾಡುವುದು ಇಷ್ಟೇ, ಪೊರೆ ದಾಟದ ನೀರನ್ನು ಸ್ವಲ್ಪ ತಂದು ಬೆರೆಸುವುದು. ಕೆಲವದರಲ್ಲಿ ಖನಿಜ ಸೇರಿಸುವ ಕೊಳವೆ ಇದೆ. ಇನ್ನು ಕೆಲವು ನೀರಿಗೆ ತಾಮ್ರವನ್ನೇ ಸೇರಿಸುತ್ತೇವೆಂದು ಹೆಮ್ಮೆಯಿಂದ ಬರೆದುಕೊಂಡಿರುತ್ತವೆ! ಹವಳದ ತೊಟ್ಟಿಗೆ ಅದು ವಿಷವೇ ಸರಿ. ಪೊರೆಯಿಂದ ಹೊರಬಂದೊಡನೆ, ಈ ಯಾವುದೂ ಸೇರುವ ಮೊದಲು, ಕೊಳವೆಯಿಂದ ಕವಲು ತೆಗೆಸಿ ಅದಕ್ಕೆ ರಾಳದ ಕೊಳವೆ ಜೋಡಿಸಿದರೆ ಸಾಕು. ಯಂತ್ರ ರಿಪೇರಿ ಮಾಡುವವರು ಇದನ್ನು ಸುಲಭವಾಗಿ ಮಾಡುತ್ತಾರೆ.

ಹೊಸದನ್ನೇ ಕೊಳ್ಳುವವರು ದೊಡ್ಡ ಯಂತ್ರಕ್ಕೆ ಆಸೆಪಡಬೇಕಾಗಿಲ್ಲ. ಪೊರೆಯ ಮೇಲೆ 75 ಗ್ಯಾಲನ್ ಎಂದಿದ್ದರೆ ದಿನಕ್ಕೆ ಸುಮಾರು 284 ಲೀಟರ್, ಗಂಟೆಗೆ 12 ಲೀಟರ್ ಎಂದರ್ಥ. ನಮ್ಮ 200 ಲೀಟರಿನ ತೊಟ್ಟಿಗೆ ಆವಿಯಾದದ್ದನ್ನು ತುಂಬಲು ವಾರಕ್ಕೆ 21 ಲೀಟರ್, ಬದಲಿಸಲು 20 ಲೀಟರ್. ಮೂರೂವರೆ ಗಂಟೆಯ ಕೆಲಸ. ಇದನ್ನು ಒಂದೇ ಸಲಕ್ಕೆ ಮುಗಿಸಿ. ಯಂತ್ರ ನಿಂತಿದ್ದಾಗ ಲವಣ ಪೊರೆಯ ಆಚೆಗೆ ನಿಧಾನವಾಗಿ ಜಿನುಗಿರುತ್ತದೆ, ಮೊದಲ ಕೆಲವು ನಿಮಿಷದ ನೀರು ಕೊಳಕು. ದಿನವೂ ಹತ್ತು ಹತ್ತು ನಿಮಿಷ ಓಡಿಸುವವರ ರಾಳ ಬೇಗ ಬರಿದಾಗುವುದು ಈ ಕಾರಣದಿಂದ. ಆ ಮೊದಲ ನೀರನ್ನು ರಾಳಕ್ಕೆ ಬಿಡದೆ ಬೇರೆ ಬಕೆಟ್ಟಿಗೆ ಹಿಡಿಯಿರಿ. ಸೋಸುಕಗಳು ಎಲ್ಲ ಅಂಗಡಿಯಲ್ಲೂ ಸಿಗುವ ಹತ್ತು ಅಂಗುಲದ ಅಳತೆಯವೇ ಎಂಬುದನ್ನೂ ನೋಡಿಕೊಳ್ಳಿ. ತಯಾರಾದ ನೀರನ್ನು ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಡಿ. ಹಿತ್ತಾಳೆಯ ನಲ್ಲಿ, ತಾಮ್ರದ ಹಂಡೆ ಬೇಡ.

ರಾಳ ದಾಟಿದ ನೀರಿಗೆ ಮೀಟರು ಸೊನ್ನೆ ತೋರಿಸಬೇಕು. ಒಂದು, ಎರಡು ಎಂದು ಏರತೊಡಗಿದರೆ ರಾಳವನ್ನು ಬದಲಿಸುವ ಕಾಲ ಬಂತು. ಮೀಟರಿನ ಕಣ್ಣಿಗೆ ಎಲ್ಲವೂ ಕಾಣುವುದಿಲ್ಲ ಎಂಬುದೂ ನೆನಪಿರಲಿ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಸಿಲಿಕ ಅಷ್ಟಾಗಿ ಅಯಾನಾಗುವುದಿಲ್ಲ, ರಾಳ ದಣಿದಾಗ ಮೊದಲು ನುಸುಳುವುದೂ ಅದೇ. ಮೀಟರು ಸೊನ್ನೆ ಎನ್ನುತ್ತಿದ್ದರೂ ಹಳೆಯ ತೊಟ್ಟಿಯ ಗಾಜಿನ ಮೇಲೆ ಮತ್ತೆ ಮತ್ತೆ ಕಂದು ಪುಡಿಯಂಥ ಲೇಪ ಕಟ್ಟುತ್ತಿದ್ದರೆ ಅದು ಡಯಾಟಮ್ ಪಾಚಿ ಇರಬಹುದು. ಅದರ ಕವಚ ಸಿಲಿಕದ್ದು. ಆಗ ರಾಳದ ಮೇಲೆ ಸಂದೇಹಪಡಿ.

ಕಡೆಯದಾಗಿ ಪೋಲಾಗುವ ನೀರು. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಹೋಗುತ್ತದೆ ಎಂದಿಟ್ಟುಕೊಂಡರೆ ವಾರಕ್ಕೆ 120 ಲೀಟರಿಗೂ ಹೆಚ್ಚು. ಕುಡಿಯುವ ಉದ್ದೇಶಕ್ಕೆ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಯನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸರ್ಕಾರಕ್ಕೆ ಹೇಳಿದ್ದು ಈ ಪೋಲಿನ ಕಾರಣದಿಂದಲೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳು ಟ್ಯಾಂಕರಿಗಾಗಿ ಕಾದು ನಿಂತಿದ್ದವು. ಅಂಥ ಊರಿನಲ್ಲಿ ಈ ನೀರನ್ನು ಚರಂಡಿಗೆ ಬಿಡುವವರು ಹವಳ ಸಾಕುವುದೇ ಬೇಡ ಎಂದು ನಾನು ಹೇಳುತ್ತೇನೆ. ಅದು ಹೊಲಸು ನೀರಲ್ಲ. 300ರ ನೀರು ಒಳಬಂದರೆ ಹೊರಹೋಗುವುದು ಸುಮಾರು 400ರದು. ಪಾತ್ರೆ, ಬಟ್ಟೆ, ಗಿಡ ಎಲ್ಲಕ್ಕೂ ಆಗುತ್ತದೆ. ಕೊಳವೆ ಬಾವಿಯ 1,200ರದಾದರೆ ಹೊರಬರುವುದು 1,600ರ ಹತ್ತಿರ, ಕುಂಡದ ಗಿಡಗಳಿಗೆ ಹಾಕಬೇಡಿ, ನೆಲ ಒರೆಸಲು ಮತ್ತು ಶೌಚಾಲಯಕ್ಕೆ ಬಳಸಿ. ಯಂತ್ರ ಕೂರಿಸುವ ದಿನವೇ ಆ ಕೊಳವೆಯ ತುದಿಗೆ ಒಂದು ಡ್ರಮ್ಮನ್ನೂ ಇಡಿಸಿಬಿಡಿ.